ಗೋರಿಯ ಮಣ್ಣು, ಗಾಜಿನ ಕಪಾಟು
(ಅನಕಾಪಲ್ಲಿಯ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಬೆಲ್ಲದ ವ್ಯಾಪಾರಕ್ಕೆ ಹೆಸರಾದ ಈ ಊರಿನಲ್ಲಿ ಚೀನಾ ದೇಶದ ಗೋರಿಗಳ ಮಾತೇಕೆ ಎಂದು ತಾವು ಕೇಳಬಹುದು. ಉತ್ತರ ಹತ್ತಿರದಲ್ಲೇ ಇದೆ. ಪಕ್ಕದ ಶಂಕರಂ ಗ್ರಾಮದ ಬೊಜ್ಜನ್ನಕೊಂಡವನ್ನು ತಾವೆಲ್ಲ ನೋಡಿದ್ದೀರಿ. ಬೊಜ್ಜ ಎಂದರೆ ಏನೆಂದು ಕನ್ನಡದ ಕಿವಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೌದ್ಧರ ಸ್ತೂಪಗಳಿರುವ ಆ ಗುಡ್ಡದಲ್ಲಿ, ಕನುಮ ಹಬ್ಬದ ದಿನ ಒಂದು ವಿಗ್ರಹವನ್ನು ರಾಕ್ಷಸನೆಂದು ಭಾವಿಸಿ ಜನ ಕಲ್ಲೆಸೆಯುತ್ತಿದ್ದ ಕಾಲವೂ ಇತ್ತು. 1906ರ ಸುಮಾರಿಗೆ ಅಲ್ಲಿ ಉತ್ಖನನ ನಡೆಸಿದವರು ಅಲೆಕ್ಸಾಂಡರ್ ರೀ. ಮದರಾಸಿನ ಬಳಿಯ ಪಲ್ಲಾವರದಲ್ಲಿ ಸುಟ್ಟ ಮಣ್ಣಿನ ಶವಪೆಟ್ಟಿಗೆಗಳನ್ನೂ, ತಿರುನೆಲ್ವೇಲಿ ಸೀಮೆಯ ಆದಿಚ್ಚನಲ್ಲೂರಿನಲ್ಲಿ ಅಸ್ಥಿಗಳಿದ್ದ ದೊಡ್ಡ ಹರವಿಗಳನ್ನೂ ಹೊರತೆಗೆದವರು ಇವರೇ. ಸತ್ತವರೊಡನೆ ಮಣ್ಣನ್ನು ಸುಟ್ಟು ಕಳುಹಿಸುವ ಪದ್ಧತಿ ಚೀನಿಯರೊಬ್ಬರದೇ ಅಲ್ಲ ಎಂಬುದಕ್ಕೆ ಇಷ್ಟು ಪೀಠಿಕೆ ಸಾಕು.

2011ರಲ್ಲಿ ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿ ಪ್ರಾಚೀನ ಚೀನಾದ ನಿಧಿಗಳ ಪ್ರದರ್ಶನ ನಡೆಯಿತು. ದೆಹಲಿ, ಮುಂಬಯಿ, ಕಲ್ಕತ್ತೆಗಳೂ ಅದನ್ನು ಕಂಡವು. ಸಮಾಧಿಗಳಿಂದ ತೆಗೆದ ಮಣ್ಣಿನ ಆಕೃತಿಗಳು ಅದರಲ್ಲಿದ್ದವು. ಅದಕ್ಕೂ ಮೊದಲು ನಮ್ಮ ಶಿಲ್ಪಗಳು ಚೀನಾಕ್ಕೆ ಹೋಗಿ ಬಂದಿದ್ದವು. ಇದು ಸರಕಾರಗಳ ನಡುವಿನ ಕೊಡುಕೊಳೆ. ಗಡಿಯ ವಿವಾದದ ಬಗ್ಗೆ ಒಂದು ಮಾತೂ ಆಡದ ಇಂಥ ರಾಯಭಾರಿಗಳು ಯಾವ ಸರಕಾರಕ್ಕೆ ತಾನೆ ಬೇಡ?

ಈ ರಾಯಭಾರಿಗಳಲ್ಲಿ ಹೆಚ್ಚು ಹೆಸರಾದವರು ಚಿನ್ ಷಿ ಹುವಾಂಗ್ ಚಕ್ರವರ್ತಿಯ ಯೋಧರು. 1974ರಲ್ಲಿ ಷೀಆನ್ ನಗರದ ಬಳಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಅವರು ಸಿಕ್ಕಿದರು. ಕ್ರಿ.ಪೂ. 210ರಲ್ಲಿ ತೀರಿಕೊಂಡ ದೊರೆಯ ಕಾವಲಿಗೆ ಸುಮಾರು 8000 ಆಳುಗಳಿದ್ದಾರೆಂದು ಅಂದಾಜು. ಬಹುತೇಕ ಎಲ್ಲರೂ ಚೂರುಚೂರಾಗಿ ಸಿಕ್ಕಿದವರು. ಇಂದು ನೆಟ್ಟಗೆ ನಿಂತಿರುವವರನ್ನು ಚೂರು ಕೂಡಿಸಿ ನಿಲ್ಲಿಸಿದ್ದು. ಅವರ ಮೈಮೇಲೆ ಕೆಂಪು, ಹಸಿರು, ನೇರಳೆ ಬಣ್ಣಗಳಿದ್ದವು. ಬಣ್ಣದ ಕೆಳಗಿನ ಅರಗಿನ ಪದರ ಒಣಗಾಳಿ ಸೋಕಿದ ಕೆಲವೇ ನಿಮಿಷಗಳಲ್ಲಿ ಮುದುರಿ ಉದುರುತ್ತಿತ್ತು. ನಾವು ಕಾಣುವ ಬೂದು ಬಣ್ಣ ಅವರನ್ನು ಹೊರತೆಗೆದುದಕ್ಕೆ ತೆತ್ತ ಬೆಲೆ. ಚಕ್ರವರ್ತಿ ಮಲಗಿರುವ ಮುಖ್ಯ ಗೋರಿಯನ್ನು ಚೀನಿಯರು ಇನ್ನೂ ತೆರೆದಿಲ್ಲ. ಈ ಸಂಯಮವನ್ನು ನಾನು ಆ ಯೋಧರಿಗಿಂತಲೂ ಹೆಚ್ಚು ಮೆಚ್ಚುತ್ತೇನೆ.

ಇಂಥ ಬೊಂಬೆಗಳನ್ನು ಮೊದಲು ಮಾಡಿದವನ ವಂಶ ಉಳಿಯದಿರಲಿ ಎಂಬರ್ಥದ ಕಟುವಾದ ಮಾತನ್ನು ಕನ್‌ಫ್ಯೂಷಿಯಸ್ ಆಡಿದರೆಂದು ಮೆನ್ಷಿಯಸ್ ದಾಖಲಿಸಿದ್ದಾರೆ. ಷಾಂಗ್ ಅರಸರ ಕಾಲದಲ್ಲಿ ಅನ್ಯಾಂಗಿನ ಗೋರಿಗಳಲ್ಲಿ ಜೀವಂತ ಮನುಷ್ಯರನ್ನೇ ಕೊಂದು ಹೂಳುತ್ತಿದ್ದರು. ಮಣ್ಣಿನ ಆಳು ಬಂದುದರಿಂದ ರಕ್ತದ ಆಳು ಉಳಿದನೆಂದು ನಾವು ಸಂತೋಷಪಟ್ಟರೆ, ಮನುಷ್ಯನ ಹೋಲಿಕೆಯನ್ನೇ ಗುಂಡಿಗಿಳಿಸಬಾರದೆಂದು ಆ ಹಿರಿಯರಿಗೆ ತೋರಿತು. ಪ್ರದರ್ಶನದಲ್ಲಿ ಯೋಧನ ಕುಸುರಿಯನ್ನು ಹೊಗಳುವ ನಾವು, ಅವನು ಯಾರಿಗೆ ಬದಲಾಗಿ ನಿಂತವನು ಎಂದು ಕೇಳುವುದಿಲ್ಲ.

ಗೋರಿಯಿಂದ ಬೇರೆಯಾದ ಬೊಂಬೆ ಬರಿಯ ಬೊಂಬೆಯೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲೋಯಾಂಗ್ ಸೀಮೆಯಲ್ಲಿ ರೈಲುದಾರಿ ಹಾಕುವಾಗ ತಾಂಗ್ ಕಾಲದ ಗೋರಿಗಳು ಬಾಯಿಬಿಟ್ಟವು. ಬಣ್ಣದ ಮೆರುಗಿನ ಕುದುರೆ, ಒಂಟೆಗಳು ಸಂತೆಗೆ ಬಂದು ಪಶ್ಚಿಮದ ಸಂಗ್ರಹಾಲಯಗಳನ್ನು ಸೇರಿದವು. ಯಾರ ಗೋರಿ, ಯಾವ ಮೂಲೆಯಲ್ಲಿತ್ತು ಎಂಬ ವಿವರ ಎಷ್ಟೋ ಕುದುರೆಗಳಿಗೆ ಇಲ್ಲ. 2007ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಚಿನ್ ಯೋಧರೆಂದು ತೋರಿಸಿದವು ನಕಲುಗಳೆಂದು ಬಯಲಾಗಿ ಪ್ರದರ್ಶನ ನಿಂತುಹೋಯಿತು. ಅದುವರೆಗೆ ನೋಡಿದವರು ಬೆರಗಾಗಿಯೇ ಹೊರಬಂದಿರಬೇಕು! ಬೆರಗು ನಕಲಿನಿಂದಲೂ ಹುಟ್ಟುತ್ತದೆ. ಸತ್ತವನೊಬ್ಬನ ಸಂಬಂಧ ಹುಟ್ಟುವುದಿಲ್ಲ.

ಈಗ ನಮ್ಮ ಮನೆಯ ಕಡೆ ತಿರುಗೋಣ. ದಕ್ಷಿಣ ಕನ್ನಡದ ಮೂಡುಬಿದಿರೆಯ ಬಳಿ ಮೂಡು ಕೊಣಾಜೆ ಎಂಬ ಹಳ್ಳಿ. ಅಲ್ಲಿಯ ಬೃಹತ್ ಶಿಲಾಯುಗದ ಕಲ್ಗೋರಿಗಳ ನೆಲೆಯಲ್ಲಿ ಪ್ರೊ. ಟಿ. ಮುರುಗೇಶಿಯವರ ಶೋಧದಿಂದ ದೊರೆತ ಎಂಟು ಸುಟ್ಟ ಮಣ್ಣಿನ ಆಕೃತಿಗಳ ಸುದ್ದಿ 2023ರಲ್ಲಿ ಪತ್ರಿಕೆಗಳಲ್ಲಿ ಬಂತು. ಎರಡು ಗೂಳಿ, ಎರಡು ನವಿಲು, ಒಂದು ಕುದುರೆ, ಒಂದು ಮಾತೃದೇವತೆ, ಮಾತೃದೇವತೆಯ ಒಂದು ಕೈ, ಗುರುತು ಹತ್ತದ ಇನ್ನೊಂದು ವಸ್ತು. ಕ್ರಿ.ಪೂ. 800–700ರ ಕಾಲದವೆಂದು ಅವರ ಅಭಿಪ್ರಾಯ. ಅದು ಸರಿಯಾದರೆ ಚಿನ್ ಯೋಧರಿಗಿಂತ ಸುಮಾರು ಐನೂರು ವರ್ಷ ಹಿರಿಯವು. ಆ ನೆಲೆಯಲ್ಲಿ ದಾಖಲಾಗಿದ್ದ ಒಂಬತ್ತು ಕಲ್ಗೋರಿಗಳಲ್ಲಿ ನೆಟ್ಟಗೆ ಉಳಿದವು ಎರಡೇ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದಲ್ಲಿ ನೂರಾರು ಕಲ್ಮನೆಗಳು ಇನ್ನೂ ನಿಂತಿವೆ. ಆದರೆ ಊರೂರಿನ ‘ಮೋರಿಯರ ಮನೆ’ಗಳನ್ನು ನಿಧಿಯಾಸೆಗೆ ಅಗೆದವರೂ ಚಪ್ಪಡಿಗೆಂದು ಕಿತ್ತವರೂ ನಮ್ಮವರೇ. ಕನುಮದ ದಿನ ಕಲ್ಲೆಸೆದವರನ್ನು ಬೈಯುವ ಅಧಿಕಾರ ನಮಗೆಲ್ಲಿಯದು?

ಪದ್ಧತಿ ಸತ್ತಿದೆಯೆಂದು ಮಾತ್ರ ತಿಳಿಯಬೇಡಿ. ಬೆಳ್ತಂಗಡಿ ತಾಲ್ಲೂಕಿನ ನಡ ಗ್ರಾಮದ ಸೂರ್ಯ ಕ್ಷೇತ್ರದಲ್ಲಿ ಭಕ್ತರು ಇಂದಿಗೂ ಮಣ್ಣಿನ ಮನೆ, ಮಣ್ಣಿನ ತೊಟ್ಟಿಲು, ಮಣ್ಣಿನ ಮಗುವನ್ನು ಹರಕೆಯೊಪ್ಪಿಸುತ್ತಾರೆ. ಹರಕೆಯ ಬನದಲ್ಲಿ ಅವು ಮಳೆಗೆ ನೆನೆಯುತ್ತ ರಾಶಿಯಾಗಿವೆ. ಹಾನ್ ಕಾಲದ ಚೀನಿಯರು ಗೋರಿಯಲ್ಲಿಟ್ಟ ಮಣ್ಣಿನ ಮನೆ, ಬಾವಿ, ಕಣಜಗಳ ಚಿತ್ರಗಳನ್ನು ಕಂಡಾಗ ನನಗೆ ಮೊದಲು ನೆನಪಾದುದು ಈ ಬನ. ಅಲ್ಲಿ ಸತ್ತವರ ಸೌಕರ್ಯ, ಇಲ್ಲಿ ಬದುಕಿದವರ ಬಯಕೆ. ಮಣ್ಣು ಎರಡಕ್ಕೂ ಒದಗಿತು.

ಕಡೆಯದಾಗಿ ಒಂದು ಸ್ವಂತದ ಮಾತು, ಮನ್ನಿಸಬೇಕು. ನಮ್ಮ ತಂದೆಯವರು ಬೆಲ್ಲದ ವ್ಯಾಪಾರಕ್ಕೆಂದು ಈ ಊರಿಗೆ ಬಂದು ಇಲ್ಲಿಯೇ ಲಿಂಗೈಕ್ಯರಾದರು. ಊರಿಗೆ ಒಯ್ಯಬೇಕೆಂದು ಬಂಧುಗಳು ಹಟ ಹಿಡಿದರು, ಅಮ್ಮ ಒಪ್ಪಲಿಲ್ಲ. ನಮ್ಮ ಪದ್ಧತಿಯಂತೆ ಕುಳ್ಳಿರಿಸಿ, ಅಂಗೈಯಲ್ಲಿ ಅವರ ಇಷ್ಟಲಿಂಗವನ್ನಿಟ್ಟು, ವಿಭೂತಿ ಪತ್ರೆಗಳೊಡನೆ ಈ ಮಣ್ಣಿಗೆ ಒಪ್ಪಿಸಿದೆವು. ಗುಂಡಿ ತೋಡಿದವರೂ ಮೊದಲ ಹಿಡಿ ಮಣ್ಣು ಹಾಕಿದವರೂ ನೆರೆಯ ತೆಲುಗು ಜನ. ಎಂದೋ ಒಂದು ದಿನ ಯಾರದೋ ಗುದ್ದಲಿ ಅಲ್ಲಿಗೆ ತಾಗಿದರೆ, ಆ ಲಿಂಗವನ್ನು ಮಾತ್ರ ಎತ್ತಿ ಗಾಜಿನ ಕಪಾಟಿನಲ್ಲಿ ಇಡುವುದಾದರೆ, ಅದು ಒಂದು ಅಂಗೈಯಲ್ಲಿತ್ತು ಎಂಬುದನ್ನು ಕೆಳಗಿನ ಚೀಟಿಯಲ್ಲಿ ಬರೆದಿರಲಿ. ಮೂಡು ಕೊಣಾಜೆಯ ಆ ಒಂಟಿ ಮಣ್ಣಿನ ಕೈಯ ಬಗ್ಗೆ ಓದಿದ ದಿನದಿಂದ ನನಗಿರುವ ಬೇಡಿಕೆ ಇದೊಂದೇ.