ಬೈಕ್ ಬ್ಯಾಡ್ಜ್ ಕೀಳೋ ಮುಂಚೆ ಉಗುರಲ್ಲಿ ಕೆರೆದು ನೋಡಿ

ಟ್ಯಾಂಕ್ ಮೇಲಿನ ಬ್ಯಾಡ್ಜ್ ತೆಗೀಬೇಕಾ? ಸ್ಕ್ರೂಡ್ರೈವರ್ ಕೆಳಗಿಡಿ. ಪೇಂಟ್ ಒಮ್ಮೆ ಕಿತ್ತು ಬಂದ್ರೆ ಮತ್ತೆ ಅದೇ ಶೇಡ್ ಕೂಡಿಸೋದು ಕಷ್ಟ.

ನಾನು ಮೊದಲು ಅಂಚನ್ನ ಉಗುರಲ್ಲಿ ಮುಟ್ಟಿ ನೋಡ್ತೀನಿ. ಅಂಚೇ ಸಿಗದಿದ್ರೆ ಅದು ಕ್ಲಿಯರ್ ಕೋಟ್ ಅಡಿಯಲ್ಲಿರೋ ಸ್ಟಿಕ್ಕರ್, ಬಿಟ್ಟುಬಿಡಿ. ಸಿಕ್ಕರೆ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿಡ್ತೀನಿ. ಒಳಗಿರೋದು ಪೆಟ್ರೋಲ್, ಹಾಗಾಗಿ ಲೈಟರ್, ಹೀಟ್ ಗನ್ ಹತ್ತಿರವೂ ಬೇಡ.

ಅಂಟು ಮೆತ್ತಗಾದ ಮೇಲೆ, ಹಲ್ಲು ಕ್ಲೀನ್ ಮಾಡೋ ಫ್ಲಾಸ್ ದಾರವನ್ನು ಬ್ಯಾಡ್ಜ್ ಹಿಂದೆ ತೂರಿಸಿ, ಗರಗಸದ ಹಾಗೆ ಆ ಕಡೆ ಈ ಕಡೆ ಎಳೀತೀನಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ, ನೆನೆಯೋಕೆ ಬಿಟ್ಟು, ಬೆರಳಲ್ಲೇ ಉಜ್ಜಿ ಶಾಂಪೂ ನೀರಲ್ಲಿ ತೊಳೀರಿ.

ಹಳೇ ಬೈಕಾದ್ರೆ ಆ ಜಾಗ ಬೇರೆ ಬಣ್ಣ ಕಾಣಬಹುದು. ಗಾಬರಿ ಬೇಡ. ಅದು ಬಿಸಿಲು ತಾಗದೆ ಉಳಿದ ಅಸಲಿ ಬಣ್ಣ.