ಎಷ್ಟು ಹೊತ್ತು ಕೂತಿದ್ರಿ?

ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ನಿಮ್ಮ ಹೆಸರಿನ ಪಕ್ಕ ಒಂದು ಹಸಿರು ಚುಕ್ಕಿ ಇರುತ್ತಲ್ಲ, ಐದು ನಿಮಿಷ ಮೌಸ್, ಕೀಬೋರ್ಡ್ ಮುಟ್ಟದಿದ್ರೆ ಅದು ಹಳದಿ ಆಗಿಬಿಡುತ್ತೆ. ಹಾಗಾಗದಿರಲಿ ಅಂತ ಮೌಸ್ ತಾನೇ ಅಲ್ಲಾಡೋ ಹಾಗೆ ಮಾಡೋ ಪುಟ್ಟ ಯಂತ್ರಗಳು ಆನ್‌ಲೈನಲ್ಲಿ ಸಿಗ್ತವೆ. ಜನ ದುಡ್ಡು ಕೊಟ್ಟು ತಗೋತಾರೆ. ವಾರಕ್ಕೆ ನಾಲ್ಕೇ ದಿನ ಕೆಲಸ ಸಾಕಾ ಅನ್ನೋ ಚರ್ಚೆಯನ್ನ ಇಲ್ಲಿಂದಲೇ ಶುರು ಮಾಡ್ಬೇಕು ಅನ್ಸುತ್ತೆ ನನಗೆ.

ಎರಿನ್ ರೀಡ್ ಅನ್ನೋ ಸಂಶೋಧಕಿ ಒಂದು ದೊಡ್ಡ ಕನ್ಸಲ್ಟಿಂಗ್ ಕಂಪನಿಯ ಒಳಹೊಕ್ಕು ನೋಡಿ 2015ರಲ್ಲಿ ಬರೆದ್ರು. ಅಲ್ಲಿ ವಾರಕ್ಕೆ 80 ಗಂಟೆ ನಿಜವಾಗ್ಲೂ ದುಡಿಯೋರಿದ್ರು. ದುಡಿದ ಹಾಗೆ ತೋರಿಸ್ಕೊಳ್ಳೋರೂ ಇದ್ರು. ಇವರು ಊರಲ್ಲೇ ಇರೋ ಕ್ಲೈಂಟ್‌ಗಳನ್ನ ಹಿಡ್ಕೊಂಡು, ಯಾರಿಗೂ ಹೇಳದೆ ಮನೆ ಕಡೆನೂ ನೋಡ್ಕೊಂಡು ಹಾಯಾಗಿದ್ರು. ಮ್ಯಾನೇಜರ್‌ಗಳಿಗೆ ಇಬ್ಬರ ವ್ಯತ್ಯಾಸ ಗೊತ್ತೇ ಆಗಿರಲಿಲ್ಲ! ಪೆಟ್ಟು ಬಿದ್ದಿದ್ದು ಯಾರಿಗೆ ಗೊತ್ತಾ? 'ನನಗೆ ಸ್ವಲ್ಪ ಗಂಟೆ ಕಮ್ಮಿ ಮಾಡಿ' ಅಂತ ಬಾಯಿಬಿಟ್ಟು ಕೇಳಿದವರಿಗೆ.

ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು 2023ರಲ್ಲಿ ವಾರಕ್ಕೆ 70 ಗಂಟೆ ದುಡೀಬೇಕು ಅಂದಾಗ ಬೆಂಗಳೂರಲ್ಲಿ ಎಷ್ಟು ವಾದ ಆಯ್ತು, ನೆನಪಿದೆಯಲ್ಲ? ಆ 70ಕ್ಕೆ ಒಂದು ಹಳೇ ಲೆಕ್ಕ ಇದೆ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ದುಡೀತಿದ್ದ ಹೆಣ್ಣುಮಕ್ಕಳ ದಾಖಲೆಗಳನ್ನ ಸ್ಟ್ಯಾನ್‌ಫರ್ಡಿನ ಜಾನ್ ಪೆಂಕವೆಲ್ ಮತ್ತೆ ತೆಗೆದು ನೋಡಿದ್ರು. 70 ಗಂಟೆ ದುಡಿದ ವಾರದಲ್ಲೂ 56 ಗಂಟೆ ದುಡಿದ ವಾರದಲ್ಲೂ ತಯಾರಾಗಿದ್ದ ಮಾಲು ಹೆಚ್ಚುಕಮ್ಮಿ ಅಷ್ಟೇ. ಅಂದ್ರೆ ಕೊನೆಯ 14 ಗಂಟೆ ನೀರಲ್ಲಿ ಹೋಮ. ಅಲ್ಲಿ ಎಣಿಸೋಕೆ ಮಾಲಿತ್ತು, ಆದ್ದರಿಂದ ಗೊತ್ತಾಯ್ತು. ನಮ್ಮ ಆಫೀಸುಗಳಲ್ಲಿ ಏನನ್ನ ಎಣಿಸೋದು? ಅದು ತಿಳಿಯದೇ ಕುರ್ಚೀಲಿ ಕೂತ ಹೊತ್ತನ್ನ ಎಣಿಸ್ತಾರೆ.

ಈಗ ನಾಲ್ಕು ದಿನದ ವಾರವನ್ನ ಮಾಡಿ ನೋಡಿದವರ ಕಥೆಗೆ ಬರೋಣ. ಮೈಕ್ರೋಸಾಫ್ಟ್ ಜಪಾನ್ 2019ರ ಆಗಸ್ಟಲ್ಲಿ ಶುಕ್ರವಾರ ರಜೆ ಕೊಟ್ಟು, ಒಬ್ಬೊಬ್ಬರ ಲೆಕ್ಕದಲ್ಲಿ ಮಾರಾಟ ಸುಮಾರು 40% ಏರಿತು ಅಂತ ಹೇಳ್ಕೊಳ್ತು. ಒಂದೇ ತಿಂಗಳು, ಅದೂ ಕಂಪನಿಯದ್ದೇ ಲೆಕ್ಕ. ನಾನಂತೂ ಪೂರ್ತಿ ನಂಬಲ್ಲ. ಆದ್ರೆ ಆಗ ಮೀಟಿಂಗ್‌ಗಳನ್ನೂ 30 ನಿಮಿಷಕ್ಕೆ ಇಳಿಸಿದ್ರು. ಅರ್ಧ ಪುಣ್ಯ ಅದಕ್ಕೇ ಸೇರ್ಬೇಕು.

ಇನ್ನು ಬೆಲ್ಜಿಯಂ 2022ರಲ್ಲಿ ತಂದ ನಾಲ್ಕು ದಿನದ ವಾರದಲ್ಲಿ ಒಟ್ಟು ಗಂಟೆ ಕಮ್ಮಿಯಾಗಿಲ್ಲ, ಐದು ದಿನದ್ದನ್ನ ನಾಲ್ಕಕ್ಕೆ ತುರುಕಿದ್ದಾರೆ ಅಷ್ಟೇ. ಹಾಗಾಗಿ ನಿಮ್ಮ ಕಂಪನಿ ಇಂಥದ್ದೇನಾದ್ರೂ ಘೋಷಿಸಿದ್ರೆ ಎಚ್‌ಆರ್ ಹತ್ರ ಎರಡು ಮಾತು ಕೇಳಿ: ಗಂಟೆ ಎಷ್ಟು ಇಳಿಯುತ್ತೆ? ರಜೆಯ ಶುಕ್ರವಾರ ಬಾಸ್ ಫೋನ್ ತೆಗೆಯದವರ ಅಪ್ರೈಸಲ್ ಕಥೆ ಏನು?