ಒಬ್ಬರೇ ಗಾಡಿ ಹೂಡುವುದು

ನಮ್ಮ ಕಡೆಯ ಯಾವ ಬಸ್ ನಿಲ್ದಾಣದಲ್ಲಾದರೂ ಐದು ನಿಮಿಷ ನಿಂತು ನೋಡಿ. ಒಂದು ಬಸ್ಸು ಹಿಂದಕ್ಕೆ ಬರಬೇಕಾಗಿದೆ. ಕಂಡಕ್ಟರು ಹಿಂದೆ ನಿಂತು ಸೀಟಿ ಊದುತ್ತಾನೆ. ‘ಬರ್ಲಿ, ಬರ್ಲಿ, ರೈಟ್, ರೈಟ್’ ಎನ್ನುತ್ತಾನೆ. ಅವನ ಜೊತೆಗೆ ಕಡಲೆಕಾಯಿ ಮಾರುವವನೂ ಕೂಗುತ್ತಾನೆ. ಬಸ್ಸಿಗೆ ಕಾದಿದ್ದ ಹಿರಿಯರೊಬ್ಬರು ಕೊಡೆಯನ್ನೆತ್ತಿ ದಾರಿ ತೋರುತ್ತಾರೆ. ಕೊನೆಗೆ ಎಲ್ಲರೂ ಒಂದೇ ಸ್ವರದಲ್ಲಿ ‘ಹೋಲ್ಡಾನ್!’ ಎಂದಾಗ ಬಸ್ಸು ನಿಲ್ಲುತ್ತದೆ. ಗಾಡಿಯನ್ನು ಹಿಂದಕ್ಕೆ ತರುವುದೆಂದರೆ ನಮ್ಮಲ್ಲಿ ಊರು ಸೇರಿ ಮಾಡುವ ಕೆಲಸ.

ಅದೇ ಕೆಲಸವನ್ನು, ಹಿಂದೆ ನಿಂತು ಕೂಗುವವರು ಯಾರೂ ಇಲ್ಲದೆ, ಒಬ್ಬರೇ ಮಾಡಬೇಕಾಗಿ ಬಂದರೆ ಹೇಗೆ? ಇಂದು ನಾನು ತಮ್ಮೊಡನೆ ಹೇಳಹೊರಟಿರುವುದು ಇದನ್ನೇ.

ನಾನು ಮೈಸೂರಿನವಳು. ಮದುವೆಯಾಗಿ 1978ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿಗೆ ಹೋದೆ. ಈಗಲೂ ಅಲ್ಲಿಯೇ ವಾಸ. ಆ ದೇಶದಲ್ಲಿ ಕ್ಯಾರವಾನ್ ಎಂಬ ಒಂದು ವಸ್ತುವಿದೆ. ಎರಡು ಚಕ್ರಗಳ ಮೇಲೆ ನಿಂತ ಪುಟ್ಟ ಮನೆ ಎಂದರೆ ಸರಿಯಾದೀತು. ಒಳಗೆ ಹಾಸಿಗೆ, ಗ್ಯಾಸಿನ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಬಟ್ಟೆಯ ಬೀರು ಎಲ್ಲವೂ ಉಂಟು. ನಮ್ಮ ಕ್ಯಾರವಾನಿನಲ್ಲಿ ಸಾರಿನ ಪುಡಿಗೂ ಮೆಂತ್ಯದ ಹಿಟ್ಟಿಗೂ ಒಂದು ಗೂಡು ಬೇರೆ ಇತ್ತು. ಈ ಮನೆಗೆ ಸ್ವಂತ ಎಂಜಿನ್ ಇಲ್ಲ. ಕಾರಿನ ಹಿಂದೆ ಕಟ್ಟಿಕೊಂಡು ಎಳೆಯಬೇಕು.

ಇದು ಅಲ್ಲಿ ಹಳೆಯ ಹವ್ಯಾಸ. ನೌಕಾದಳದಲ್ಲಿ ವೈದ್ಯರಾಗಿದ್ದು, ಆಮೇಲೆ ಹುಡುಗರಿಗಾಗಿ ಸಾಹಸದ ಕಥೆಗಳನ್ನು ಬರೆಯುತ್ತಿದ್ದ ಗಾರ್ಡನ್ ಸ್ಟೇಬಲ್ಸ್ ಎಂಬವರು 1885ರಲ್ಲಿ ‘ವಾಂಡರರ್’ ಎಂಬ ಮನೆಬಂಡಿಯನ್ನು ಕಟ್ಟಿಸಿ, ಎರಡು ಕುದುರೆ ಹೂಡಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಹೋದರು. 1907ರಲ್ಲಿ ಇಂಥ ಉತ್ಸಾಹಿಗಳ ಕ್ಲಬ್ಬು ಹುಟ್ಟಿತು. 1919ರಲ್ಲಿ ಎಕ್ಲ್ಸ್ ಎಂಬ ಕಂಪನಿ ಮೋಟಾರಿಗೆ ಕಟ್ಟುವ ಕ್ಯಾರವಾನುಗಳನ್ನು ತಯಾರಿಸತೊಡಗಿತು. ಕುದುರೆ ಹೋಗಿ ಕಾರು ಬಂತು. ಹೂಡುವುದು ಬಿಚ್ಚುವುದು ಮಾತ್ರ ಉಳಿಯಿತು.

ನಾವು ನಮ್ಮದನ್ನು ಕೊಂಡದ್ದು 1991ರಲ್ಲಿ. ಅಂದಿನಿಂದ ಕೆಲಸದ ಹಂಚಿಕೆ ಒಂದೇ ರೀತಿ: ನಮ್ಮವರು ಚಕ್ರದ ಮುಂದೆ, ನಾನು ಗಾಡಿಯ ಹಿಂದೆ. ಅವರು ಕಾರು ನಡೆಸಬೇಕು, ನಾನು ಮಳೆಯಲ್ಲಿ ನಿಂತು ಕೈ ಬೀಸಬೇಕು. ಎಡಕ್ಕೆ ಎಂದರೆ ಕಾರಿನ ಎಡವೋ ಗಾಡಿಯ ಎಡವೋ ಎಂಬ ವಿಚಾರವಾಗಿ ನಮ್ಮಿಬ್ಬರಲ್ಲಿ ನಡೆದ ಚರ್ಚೆಗಳನ್ನು ನಾನಿಲ್ಲಿ ವಿವರಿಸುವುದಿಲ್ಲ. 2017ರಲ್ಲಿ ಅವರು ತೀರಿಕೊಂಡರು. ಮನೆಯ ಪಕ್ಕದಲ್ಲಿ ಗಾಡಿ ಹಾಗೆಯೇ ನಿಂತಿತು. ಅದರ ಬಿಳಿಯ ಗೋಡೆಗೆ ಪಾಚಿ ಕಟ್ಟಿತು. ‘ಮಾರಿಬಿಡಮ್ಮ, ನಿನಗೇಕೆ ಈ ತೊಂದರೆ’ ಎಂದರು ಮಕ್ಕಳು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಗಾಡಿ ಮಾರಿದರೆ ಬೇಸಿಗೆಯಲ್ಲಿ ಕಡಲ ತೀರಕ್ಕೆ ಹೋಗುವುದು, ಬೆಳಗಿನ ಐದು ಗಂಟೆಗೆ ಬಾಗಿಲು ತೆರೆದರೆ ಕುರಿಗಳು ಕಾಣುವುದು, ಇವೆಲ್ಲವೂ ಅವರೊಡನೆಯೇ ಮುಗಿದಂತೆ. ಎರಡನೆಯ ವರ್ಷ ನಾನು ಬಕೀಟು, ಬುರುಸು ತೆಗೆದುಕೊಂಡು ಪಾಚಿ ತೊಳೆದೆ. ನನಗಾಗ ಅರವತ್ತಮೂರು ವರ್ಷ.

ಕಾನೂನಿನ ತೊಡಕೇನೂ ನನಗಿರಲಿಲ್ಲ. 1997ರ ಜನವರಿಯಿಂದ ಈಚೆಗೆ ಲೈಸೆನ್ಸು ಪಡೆದವರು ಭಾರವಾದ ಗಾಡಿ ಎಳೆಯಲು ಇನ್ನೊಂದು ಪರೀಕ್ಷೆ ಕೊಡಬೇಕಾಗಿತ್ತು. ನನ್ನದು ಅದಕ್ಕಿಂತ ಹಳೆಯದು. 2021ರ ಡಿಸೆಂಬರಿನಲ್ಲಿ ಆ ಪರೀಕ್ಷೆಯನ್ನೇ ತೆಗೆದುಹಾಕಿದರು. ಪರೀಕ್ಷೆ ಮಾಡುವ ಕೆಲಸವನ್ನು ಈಗ ಗೇಟಿನ ಕಂಬಗಳು ವಹಿಸಿಕೊಂಡಿವೆ.

ಮೊದಲ ದಿನ ನೆರೆಮನೆಯವರು ಗಾಡಿ ಹೂಡಿಕೊಟ್ಟರು. ನಮ್ಮ ಊರಿನಲ್ಲಿ ಕುರಿ ದನಗಳ ಸಂತೆ ನಡೆಯುವ ದೊಡ್ಡ ಅಂಗಳವಿದೆ. ಸಂತೆಯಿಲ್ಲದ ದಿನ ಅನುಮತಿ ಕೇಳಿ ಅಲ್ಲಿಗೆ ಹೋದೆ. ಎರಡು ಬಕೀಟುಗಳನ್ನಿಟ್ಟು, ಅವುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತರಬೇಕೆಂದು ಹೊರಟೆ. ಹತ್ತು ಸಲ ತಂದೆ. ಹತ್ತು ಸಲವೂ ಗಾಡಿ ಓರೆಯಾಗಿ ತಿರುಗಿ, ಕಾರೂ ಗಾಡಿಯೂ ಮಡಿಚಿದ ಚೂರಿಯ ಹಾಗೆ ಒಂದಕ್ಕೊಂದು ಆನಿಕೊಂಡು ನಿಂತವು. ಬಕೀಟಿನಲ್ಲೊಂದು ಅಪ್ಪಚ್ಚಿಯಾಯಿತು.

ಇದರ ಕಾರಣ ಸರಳ. ಬರಿಯ ಕಾರನ್ನು ಹಿಂದಕ್ಕೆ ತರುವಾಗ ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಕಾರಿನ ಬೆನ್ನು ಬಲಕ್ಕೆ ಹೋಗುತ್ತದೆ. ಗಾಡಿ ಕಟ್ಟಿದ ಮೇಲೆ ಎಲ್ಲವೂ ತಿರುಗುಮುರುಗು. ಕಾರಿನ ಬೆನ್ನು ಬಲಕ್ಕೆ ಹೋಯಿತೆಂದರೆ ಗಾಡಿಯ ಮೂತಿಯನ್ನು ಅದು ಬಲಕ್ಕೆ ತಳ್ಳುತ್ತದೆ. ಮೂತಿ ಬಲಕ್ಕೆ ಹೋದರೆ ಗಾಡಿಯ ಬೆನ್ನು ಎಡಕ್ಕೆ ಹೋಗಲೇಬೇಕು.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೆ ಕೈಗೆ ಹತ್ತಿರಲಿಲ್ಲ. ಅಂದು ಅಲ್ಲಿ ಕುಳಿತಿದ್ದಾಗ ನೆನಪಾದದ್ದು ಮಂಡ್ಯದ ಹತ್ತಿರದ ನಮ್ಮ ತಾತನ ಮನೆ. ಸಂಜೆ ಎತ್ತು ಕಳಚಿದ ಮೇಲೆ ಆಳು ನೊಗವನ್ನು ಹಿಡಿದು, ಗಾಡಿಯನ್ನು ಹಿಂದಕ್ಕೆ ತಳ್ಳಿ ಚಪ್ಪರದ ಕೆಳಗೆ ನಿಲ್ಲಿಸುತ್ತಿದ್ದ. ಗಾಡಿಯ ಹಿಂಭಾಗ ಬಲಗಡೆಯ ಕಂಬದತ್ತ ಹೋಗಬೇಕಾದರೆ ಅವನು ಮೂಕಿಯನ್ನು ಎಡಕ್ಕೆ ಒಯ್ಯುತ್ತಿದ್ದ. ಅವನು ಇದನ್ನು ಯೋಚಿಸಿ ಮಾಡುತ್ತಿರಲಿಲ್ಲ. ನಾನು ಜಗಲಿಯ ಮೇಲೆ ಕುಳಿತು ನೂರು ಸಲ ನೋಡಿದ್ದೆ. ನನ್ನ ಕಾರೇ ನೊಗ, ಕ್ಯಾರವಾನಿನ ಮೂತಿಯೇ ಮೂಕಿ ಎಂದುಕೊಂಡ ಮೇಲೆ ಲೆಕ್ಕ ಸರಿಹೋಯಿತು.

ಕುರಿ ಸಾಗಿಸುವ ಗಾಡಿಯನ್ನು ಕಟ್ಟಿಕೊಂಡು ಬಂದಿದ್ದ ರೈತನೊಬ್ಬ ದೂರದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ. ಕೊನೆಗೆ ಹತ್ತಿರ ಬಂದು, ‘ನೀವು ಬಹಳ ಹೆಚ್ಚು ಕೆಲಸ ಮಾಡುತ್ತಿದ್ದೀರಿ, ಸ್ವಲ್ಪ ಕಡಿಮೆ ಮಾಡಿ ನೋಡಿ’ ಎಂದ. ಅವನು ಮೂರು ಮಾತು ಹೇಳಿಕೊಟ್ಟ. ಟ್ರಾಕ್ಟರಿನ ಗಾಡಿ ನಡೆಸುವ ನಮ್ಮವರಿಗೂ ಅವು ಉಪಯೋಗವಾದಾವೆಂದು ಹೇಳುತ್ತೇನೆ.

ಮೊದಲನೆಯದು: ಕೈಯನ್ನು ಸ್ಟೀರಿಂಗಿನ ಕೆಳತುದಿಯಲ್ಲಿ ಹಿಡಿಯಿರಿ. ಆಗ ಕೈ ಎಡಕ್ಕೆ ಸರಿದರೆ ಗಾಡಿಯ ಬೆನ್ನು ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಎಡಬಲಗಳ ಗೊಂದಲ ಅಲ್ಲಿಗೇ ತೀರಿತು. ಎರಡನೆಯದು: ನೇರವಾಗಿ ಹಿಂದಕ್ಕೆ ಬರುವಾಗ ಎರಡು ಕನ್ನಡಿಗಳನ್ನೂ ನೋಡುತ್ತಿರಿ. ಯಾವ ಕನ್ನಡಿಯಲ್ಲಿ ಗಾಡಿ ಹೆಚ್ಚು ಕಾಣಿಸಿಕೊಳ್ಳುತ್ತದೆಯೋ ಆ ಕನ್ನಡಿಯ ಕಡೆಗೇ ಚಕ್ರವನ್ನು ತುಸು ತಿರುಗಿಸಿ, ತುಸು ಮಾತ್ರ. ಮೂರನೆಯದು: ಗಾಡಿ ಕೈಮೀರಿ ಮಡಿಚಿಕೊಳ್ಳುತ್ತಿದೆ ಎಂದು ಕಂಡರೆ, ಹಿಂದಕ್ಕೆ ಬರುತ್ತಲೇ ಅದನ್ನು ಸರಿಪಡಿಸುವ ಹಟ ಬೇಡ. ನಿಲ್ಲಿಸಿ, ಮುಂದಕ್ಕೆ ಹೋಗಿ, ಕಾರನ್ನೂ ಗಾಡಿಯನ್ನೂ ಒಂದು ಗೆರೆಗೆ ತಂದುಕೊಂಡು ಮತ್ತೆ ಆರಂಭಿಸಿ. ‘ನಾನು ದಿನವೂ ಹಾಗೆಯೇ ಮಾಡುತ್ತೇನೆ’ ಎಂದ ಆ ರೈತ. ನಲವತ್ತು ವರ್ಷದ ಅನುಭವಸ್ಥ ಹೀಗೆಂದ ಮೇಲೆ ನನಗೇತರ ನಾಚಿಕೆ? ಆ ದಿನ ಕತ್ತಲಾಗುವ ಹೊತ್ತಿಗೆ ಉಳಿದಿದ್ದ ಒಂದು ಬಕೀಟಿನ ಪಕ್ಕದಲ್ಲಿ ಗಾಡಿ ನೇರವಾಗಿ ನಿಂತಿತು.

ಇಷ್ಟು ಕಲಿತು, 2019ರ ವಸಂತದಲ್ಲಿ ನಾನೊಬ್ಬಳೇ ಕಡಲ ತೀರದ ವಿಟ್‌ಬಿ ಎಂಬ ಊರಿಗೆ ಹೋದೆ. 199 ಮೆಟ್ಟಿಲು ಹತ್ತಿ, ಗುಡ್ಡದ ಮೇಲಿನ ಹಾಳು ಮಠವನ್ನು ನೋಡಿದೆ. ನಾಲ್ಕು ದಿನ ಸುಖವಾಗಿದ್ದೆ. ಐದನೆಯ ದಿನ ಹೊರಡುವಾಗ ನಡೆದದ್ದನ್ನು ಹೇಳಲು ನನಗೆ ಈಗಲೂ ಸಂಕೋಚ. ಆದರೂ ಹೇಳಬೇಕು.

ಕಾರಿನ ಹಿಂದೆ ಒಂದು ಉಕ್ಕಿನ ಗುಂಡು ಇರುತ್ತದೆ, ಐವತ್ತು ಮಿಲಿಮೀಟರ್ ಅಗಲದ್ದು. ನಮ್ಮ ದಪ್ಪ ನಿಂಬೆಹಣ್ಣಿನಷ್ಟು. ಗಾಡಿಯ ಮೂತಿಯಲ್ಲಿರುವ ಬಟ್ಟಲು ಅದರ ಮೇಲೆ ಕುಳಿತು ಕಚ್ಚಿಕೊಳ್ಳಬೇಕು. ಒಂದೂಕಾಲು, ಒಂದೂವರೆ ಟನ್ನಿನ ಮನೆ ನಂಬಿ ಬರುವುದು ಆ ನಿಂಬೆಹಣ್ಣನ್ನೇ. ಅಂದು ನನ್ನ ಹಿಂದೆ ಇನ್ನೊಂದು ಕುಟುಂಬ ಜಾಗಕ್ಕಾಗಿ ಕಾಯುತ್ತಿತ್ತು. ಅವರು ಏನೂ ಅನ್ನಲಿಲ್ಲ. ನನಗೆ ನಾನೇ ಅವಸರ ಮಾಡಿಕೊಂಡೆ. ಬಟ್ಟಲು ಕುಳಿತಂತೆ ಕಂಡಿತು. ಅದು ಕಚ್ಚಿದೆಯೇ ಎಂದು ಪರೀಕ್ಷಿಸಲಿಲ್ಲ. ಕಾರು ಹೊರಟು ನಾಲ್ಕು ಮಾರು ಹೋಗಿರಬೇಕು, ಹಿಂದೆ ಧಡ್ ಎಂದಿತು. ಗಾಡಿಯ ಮೂತಿ ನೆಲಕ್ಕೆ ಬಡಿದಿತ್ತು.

ಒಂದು ಉಪಕಾರವಾಯಿತು. ಗಾಡಿಗೂ ಕಾರಿಗೂ ನಡುವೆ ಒಂದು ತೆಳು ಉಕ್ಕಿನ ಹುರಿಯನ್ನು ಸಿಕ್ಕಿಸಿರುತ್ತಾರೆ. ಗಾಡಿ ಕಳಚಿಕೊಂಡರೆ ಅದು ಬಿಗಿದು ಗಾಡಿಯ ಬ್ರೇಕನ್ನು ಎಳೆದು, ಆಮೇಲೆ ತುಂಡಾಗುತ್ತದೆ. ಅಂದೂ ಹಾಗೆಯೇ ಆಗಿ ಗಾಡಿ ಅಲ್ಲಿಯೇ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅದು ಹುಲ್ಲುಗಾವಲಿನ ಬದಲು ಹೆದ್ದಾರಿಯ ಇಳಿಜಾರಾಗಿದ್ದರೆ? ಆ ಪ್ರಶ್ನೆ ಎಷ್ಟೋ ರಾತ್ರಿ ನನ್ನನ್ನು ನಿದ್ರೆಯಿಂದ ಎಬ್ಬಿಸಿದೆ. ನಮ್ಮವರಿದ್ದಾಗ ಅವರು ಹೂಡುತ್ತಿದ್ದರು, ನಾನು ನೋಡುತ್ತಿದ್ದೆ. ಒಬ್ಬರ ಮರೆವನ್ನು ಇನ್ನೊಬ್ಬರ ಕಣ್ಣು ಹಿಡಿಯುತ್ತಿತ್ತು. ಆ ಎರಡನೆಯ ಕಣ್ಣು ನನಗೀಗ ಇಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅಂದಿನಿಂದ ನನ್ನದೊಂದು ಕ್ರಮ. ದೇವರ ಪೂಜೆಯ ಹಾಗೆ; ಹಿಂದುಮುಂದಾಗಬಾರದು, ನಡುವೆ ಮಾತಾಡಬಾರದು. ಯಾರಾದರೂ ಮಾತಾಡಿಸಿದರೆ ನಕ್ಕು, ಮತ್ತೆ ಮೊದಲಿನಿಂದ ಆರಂಭಿಸುತ್ತೇನೆ.

ಮೊದಲು ಗಾಡಿಯ ಕೈಬ್ರೇಕು ಎಳೆದಿದೆಯೇ ನೋಡುವುದು. ಆಮೇಲೆ ನಾಲ್ಕು ಮೂಲೆಯ ಊರುಗಾಲುಗಳನ್ನು ತಿರುಗಿಸಿ ಮೇಲೆತ್ತುವುದು. ಮೂತಿಯ ಬಳಿ ಒಂದು ಸಣ್ಣ ಚಕ್ರವಿದೆ. ಅದರ ಹಿಡಿ ತಿರುಗಿಸಿದರೆ ಮೂತಿ ಏರುತ್ತದೆ, ಇಳಿಯುತ್ತದೆ. ಬಟ್ಟಲು ಗುಂಡಿಗಿಂತ ತುಸು ಮೇಲಿರುವಂತೆ ಎತ್ತಿ, ಕಾರನ್ನು ಹಿಂದಕ್ಕೆ ತರುವುದು. ಈಗಿನ ಕಾರುಗಳಲ್ಲಿ ಹಿಂದಿನದನ್ನು ತೋರಿಸುವ ಕ್ಯಾಮರಾ ಇರುತ್ತದೆ. ನನ್ನ ಕಾರಿನಲ್ಲಿಲ್ಲ. ನಾನು ಬುಡದಲ್ಲಿ ಅಯಸ್ಕಾಂತವಿರುವ ಎರಡು ಕೋಲುಗಳನ್ನು ಇಟ್ಟುಕೊಂಡಿದ್ದೇನೆ. ಒಂದನ್ನು ಗುಂಡಿನ ಮೇಲೆ, ಒಂದನ್ನು ಬಟ್ಟಲಿನ ಮೇಲೆ ನಿಲ್ಲಿಸಿದರೆ, ಕನ್ನಡಿಯಲ್ಲಿ ಅವುಗಳ ತಲೆಗಳು ಕಾಣುತ್ತವೆ. ತಲೆಗೆ ತಲೆ ತಾಗಿದರೆ ಜಾಗ ಸಿಕ್ಕಿತು. ಅಷ್ಟಿದ್ದರೂ ನಡುವೆ ಎರಡು ಮೂರು ಸಲ ಇಳಿದು ಬಂದು ನೋಡುತ್ತೇನೆ. ಇಳಿದು ನೋಡುವುದಕ್ಕೆ ಅರ್ಧ ನಿಮಿಷ ಸಾಕು.

ಕೋಲುಗಳನ್ನು ತೆಗೆದು, ಮೂತಿಯನ್ನು ಇಳಿಸಿದಾಗ ಟಕ್ ಎಂಬ ಸದ್ದಾಗಬೇಕು, ಹಸಿರು ಗುರುತು ಕಾಣಬೇಕು. ಅದನ್ನೂ ನಾನು ನಂಬುವುದಿಲ್ಲ. ಸಣ್ಣ ಚಕ್ರವನ್ನು ಮತ್ತೆ ತಿರುಗಿಸಿ ಮೂತಿಯನ್ನು ಎತ್ತುತ್ತೇನೆ. ಕಾರಿನ ಬೆನ್ನೂ ಅದರ ಜೊತೆಗೆ ಮೇಲೆದ್ದರೆ ಬಟ್ಟಲು ಕಚ್ಚಿದೆ ಎಂದು ಅರ್ಥ. ಮೂತಿಯೊಂದೇ ಎದ್ದರೆ ಇಲ್ಲ. ವಿಟ್‌ಬಿಯಲ್ಲಿ ನಾನು ಬಿಟ್ಟದ್ದು ಈ ಒಂದು ಪರೀಕ್ಷೆಯನ್ನು. ಆಮೇಲೆ ಉಕ್ಕಿನ ಹುರಿ, ದೀಪಗಳ ಪ್ಲಗ್ಗು, ಸಣ್ಣ ಚಕ್ರವನ್ನು ಪೂರ್ತಿ ಮೇಲೆತ್ತಿ ಬಿಗಿಯುವುದು, ಎಲ್ಲಕ್ಕೂ ಕೊನೆಯಲ್ಲಿ ಕೈಬ್ರೇಕು ಬಿಡುವುದು.

ಬ್ರೇಕಿನ ದೀಪ ಉರಿಯುತ್ತಿದೆಯೇ ಎಂದು ಒಬ್ಬರೇ ನೋಡುವುದು ಹೇಗೆಂದು ತಾವು ಕೇಳಬಹುದು. ಪೆಡಲು ಒತ್ತಿದವರು ಹಿಂದೆ ಹೋಗಿ ನೋಡಲಾರರು. ನಮ್ಮವರ ಊರುಗೋಲೊಂದು ಮನೆಯಲ್ಲಿತ್ತು. ಅದನ್ನು ಸೀಟಿಗೂ ಪೆಡಲಿಗೂ ನಡುವೆ ಒತ್ತಿ ನಿಲ್ಲಿಸಿ, ಹಿಂದೆ ಹೋಗಿ ನೋಡುತ್ತೇನೆ. ಆ ಒಂದು ಕೆಲಸದಲ್ಲಿ ಅವರ ಸಹಾಯ ಇನ್ನೂ ನಡೆದಿದೆ.

ಸಾಮಾನು ತುಂಬುವ ವಿಷಯ ನಮ್ಮವರಿಗೆ ಹೇಳಿಕೊಡಬೇಕಾದ್ದಿಲ್ಲ. ಎತ್ತಿನ ಗಾಡಿಯಲ್ಲಿ ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಇಲ್ಲಿಯೂ ಅಷ್ಟೇ. ಭಾರವಾದದ್ದು ಅಚ್ಚಿನ ಮೇಲೆ. ಒಟ್ಟು ತೂಕದಲ್ಲಿ ನೂರಕ್ಕೆ ಐದರಿಂದ ಏಳು ಪಾಲು ಮೂತಿಯ ಮೇಲೆ ಬೀಳಬೇಕೆನ್ನುತ್ತಾರೆ. ಹಿಂಭಾರವಾದರೆ ವೇಗದಲ್ಲಿ ಗಾಡಿ ಹಾವಿನಂತೆ ಹೊರಳತೊಡಗುತ್ತದೆ.

ಒಬ್ಬರೇ ಮಾಡುವುದೆಂದರೆ ಸಹಾಯವನ್ನು ದೂಡುವುದೆಂದಲ್ಲ. ಗಾಡಿ ಹಿಂದಕ್ಕೆ ಹೊರಟಿತೆಂದರೆ ಅಲ್ಲಿಯೂ ನಾಲ್ಕು ಜನ ಬಂದು ನಾಲ್ಕು ದಿಕ್ಕಿಗೆ ಕೈ ತೋರುತ್ತಾರೆ. ಆ ವಿಷಯದಲ್ಲಿ ಯಾರ್ಕ್‌ಶೈರಿಗೂ ಮೈಸೂರಿಗೂ ಭೇದವಿಲ್ಲ. ನಾನು ಎಲ್ಲರಿಗೂ ವಂದನೆ ಹೇಳುತ್ತೇನೆ. ಅವರಲ್ಲಿ ಒಬ್ಬರನ್ನು ಮಾತ್ರ ಬೇಲಿಯ ಬಳಿ ನಿಲ್ಲಿಸಿ, ಮಗುವೇನಾದರೂ ಅಡ್ಡ ಬಂದರೆ ಕೂಗಿ ಎನ್ನುತ್ತೇನೆ. ಉಳಿದದ್ದು ನನ್ನ ಹೊಣೆ.

ಈ ಸಲ ಊರಿಗೆ ಬಂದಾಗ ತಂಗಿಯ ಮಗ ಹೊಸ ಕಾರನ್ನು ಗೇಟಿನೊಳಕ್ಕೆ ಹಿಂದುಹಿಂದಾಗಿ ತರುತ್ತಿದ್ದ. ಬೀದಿಯವರೆಲ್ಲ ‘ಬರ್ಲಿ, ಬರ್ಲಿ’ ಎನ್ನುತ್ತಿದ್ದರು. ಅವನು ಬೆವರುತ್ತ ಕಿಟಕಿಯಿಂದ ತಲೆ ಹೊರಹಾಕಿ, ‘ದೊಡ್ಡಮ್ಮ, ಸರಿಯಾಗಿದೆಯಾ?’ ಎಂದ. ನಾನು ಹಿಂದೆಯೇ ನಿಂತಿದ್ದೆ. ಎಷ್ಟು ಜಾಗವಿದೆಯೆಂದು ನನಗೆ ಕಾಣುತ್ತಿತ್ತು. ಆದರೂ ಹೇಳಲಿಲ್ಲ.

‘ಇಳಿದು ಬಂದು ನೋಡು, ಮಗು’ ಎಂದೆ.